ಮಾಳ ಘಾಟಿಗೆ ಜೀಪು ತರಬೇಡ

ಲ್ಯಾನ್ಸಿ,

ನಾನೂ ಶಶಿಕಲಾ ಟೀಚರೂ ಸೈಕಲಿನಲ್ಲಿ ಕಳಸಕ್ಕೆ ಹೊರಟೆವು. ಬಜಗೋಳಿ ದಾಟಿ, ಮಾಳ ಘಾಟಿ ಹತ್ತಿ, ಕುದುರೆಮುಖದ ಕಾಡಿನೊಳಗೆ ಭದ್ರಾ ಹೊಳೆಯ ಬದಿಯಿಂದ ಹೋಗುತ್ತೇವೆ. ಕತ್ತಲಾಗುವ ಮೊದಲೇ ಕಾಡು ದಾಟಿರುತ್ತೇವೆ.

ಮಲ್ಲಿಗೆ ಇವತ್ತು ನೀನೇ ಕೊಯ್ಯಬೇಕು. ಅಮ್ಮ ಬಗ್ಗಿದರೆ ಮತ್ತೆ ಸೊಂಟ ಹಿಡಿದೀತು. ನಿನ್ನೆಯ ಮೀನು ಸಾರು ಉಂಟು, ಬಿಸಿ ಮಾಡಿಕೋ.

ಜೀಪು ತೆಗೆದುಕೊಂಡು ಹಿಂದೆ ಬರಬೇಡ. ಕಳೆದ ವರ್ಷ ನಾನು ಅರ್ಧ ಘಾಟಿ ಹತ್ತಿದ್ದೆ, ನೀನು ಜೀಪಿನಲ್ಲಿ ಹಿಂದೆಯೇ ಬಂದಿದ್ದೆ. ನಾನು ಏದುಸಿರು ಬಿಡುವುದನ್ನು ನೋಡಲಾಗದೆ ನೀನು, "ಸಾಕು ಮಾರಾಯ್ತಿ, ಸಾಯ್ತೀಯಾ ಎಂತ?" ಎಂದು ಸೈಕಲನ್ನೇ ಎತ್ತಿ ಜೀಪಿಗೆ ಹಾಕಿದೆ. ಮನೆ ತಲುಪುವವರೆಗೆ ನಾನು ಮಾತಾಡಲಿಲ್ಲ. ಸುಸ್ತಾಗಿದೆ ಎಂದುಕೊಂಡೆ ನೀನು. ಸುಸ್ತಲ್ಲ ಲ್ಯಾನ್ಸಿ, ಸಿಟ್ಟು. ನಿನಗೆ ಹೆದರಿಕೆಯಾಗಿತ್ತು ಎಂದು ಗೊತ್ತು, ಅದಕ್ಕೇ ಜಗಳ ಮಾಡಲಿಲ್ಲ. ಆಮೇಲೆ ಇಡೀ ವರ್ಷ ಶಾಲೆಗೆ ಏರುದಾರಿಯಲ್ಲೇ ಸೈಕಲು ತುಳಿದಿದ್ದೇನೆ. ಈ ಸಲ ಹತ್ತುತ್ತೇನೆ, ಸಂಶಯವೇ ಬೇಡ.

ಕಾಡಿನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಕಳಸ ಮುಟ್ಟಿದ ಕೂಡಲೇ ಬೂತಿನಿಂದ ಮನೆಗೆ ಫೋನ್ ಮಾಡುತ್ತೇನೆ. ಕಾಲು ನೋವಿನ ವಿಚಾರ ಕೇಳಬೇಡ. ಹೊಳೆ ಹೇಗಿತ್ತು ಎಂದು ಕೇಳು.

ಐರಿನ್