ಫ್ರಿಜ್ಜಿನಲ್ಲಿಟ್ಟ ಮರ್ದ್

ಮಾರ್ಚ್ 3, ಸೋಮವಾರ

ಲ್ಯಾಬಿನಲ್ಲಿ ಕಾಲಮ್ ಹಾಕಿ ಶುದ್ಧಮಾಡುವ ಕೆಲಸ ಮುಗಿಸಿ ಮಣಿಪಾಲದಿಂದ ಬಸ್ಸು ಹತ್ತಿದಾಗ ಸಂಜೆ. ನಾನು ಮಾಡುತ್ತಿದ್ದ ಹೊಸ ಕಾಂಪೌಂಡ್ ಟಿಆರ್-17 ಕೊನೆಗೂ ಬಿಳಿ ಪುಡಿಯಾಗಿ ಬಂತು. ನಾಳೆ ಎನ್‌ಎಂಆರ್ ಟೆಸ್ಟಿಗೆ, ಅಂದರೆ ಅದರ ರಚನೆ ಸರಿಯಿದೆಯೇ ನೋಡಲು, ಮಂಗಳೂರು — ಕಾಪುವಿನ ಮನೆಯಿಂದಲೇ ಹೋಗುವುದು ಸುಲಭ. ಏನನ್ನೂ ಮನೆಗೆ ಒಯ್ಯಬಾರದೆಂಬ ಲ್ಯಾಬಿನ ನಿಯಮ ಗೊತ್ತು. ಆದರೂ ಪುಡಿ ತುಂಬಿದ ಪುಟ್ಟ ಗಾಜಿನ ಸೀಸೆ, ವಯಲ್, ಬ್ಯಾಗಿನಲ್ಲಿ ತಂದೆ. ಫ್ರಿಜ್ಜಿನಲ್ಲಿ, ಮೊಟ್ಟೆಯ ಪಕ್ಕ ಇಟ್ಟೆ.

"ಅದೆಂತ?" ಅಮ್ಮ ಕೇಳಿದಳು.

ಮನೆಯಲ್ಲಿ ತುಳು. ಕಾಂಪೌಂಡಿಗೆ ತುಳುವಿನಲ್ಲಿ ಏನನ್ನುವುದು? "ಮರ್ದ್" ಅಂದೆ. ಮದ್ದು. ಯಾವುದಕ್ಕೆ ಅಂದಳು. ಗಂಟುನೋವಿಗೆ ಅಂದೆ. ಸುಳ್ಳೇನಲ್ಲ... ಇಲಿಗೂ ಇನ್ನೂ ಕೊಟ್ಟಿಲ್ಲ, ಅಷ್ಟೆ.

ಮಾರ್ಚ್ 4

ಮಂಗಳೂರಿನ ಮಿಷನ್ ಕೆಟ್ಟಿದೆಯಂತೆ. ಮುಂದಿನ ವಾರ ಬನ್ನಿ ಎಂದು ಫೋನಿನಲ್ಲಿ ಅಂದರು. ವಯಲ್ ಫ್ರಿಜ್ಜಿನಲ್ಲೇ ಇರಲಿ.

ಮಾರ್ಚ್ 7, ಶುಕ್ರವಾರ

ಬೆಳಿಗ್ಗೆ ಅಪ್ಪ ಲೈಟ್‌ಹೌಸ್ ತನಕ ನಡೆದು ಬಂದರು. ಮೊಣಕಾಲು ಕೈಕೊಟ್ಟು ಮೀನಿನ ಬೋಟಿಗೆ ಹೋಗುವುದು ಬಿಟ್ಟ ಮೇಲೆ ಅಂಗಳ ದಾಟಿದವರಲ್ಲ. ಖುಷಿಯಲ್ಲೇ ಲ್ಯಾಬಿಗೆ ಹೋದೆ.

ಅದೇ ದಿನ, ಸಂಜೆ

ಲ್ಯಾಬಿನ ಜೊತೆಗಾತಿ ಚೈತಾಲಿ ಹೇಳಿದಳು — ಇದಕ್ಕೆ ಮೊದಲಿನ ಟಿಆರ್-16 ಕೊಟ್ಟ ಇಲಿಗಳ ಲಿವರ್ ಪೂರ್ತಿ ಹಾಳು. ಅದಕ್ಕೂ ನನ್ನ ಹದಿನೇಳಕ್ಕೂ ರಚನೆಯಲ್ಲಿ ಒಂದೇ ಒಂದು ಮೀಥೈಲ್ ಗುಂಪಿನ ವ್ಯತ್ಯಾಸ. ಆಗ ಅಪ್ಪನ ನಡಿಗೆ ನೆನಪಾಯಿತು. ಬಸ್ಸಿನಲ್ಲಿ ದಾರಿಯುದ್ದ ಅದಕ್ಕೆ ಕಾರಣ ನನ್ನ ಪುಡಿಯಾಗಿರದಿರಲಿ ದೇವರೇ ಅಂದುಕೊಂಡೇ ಬಂದೆ. ಫ್ರಿಜ್ ತೆಗೆದೆ. ವಯಲ್ ಅರ್ಧ ಖಾಲಿ.

"ದಿನಾ ಅಪ್ಪನ ಗಂಜಿಗೆ ಒಂದು ಚಿಟಿಕೆ ಹಾಕಿದೆ. ನೀನು ಮಾಡಿದ ಮರ್ದ್ ಅಲ್ವಾ?" ಅಂದಳು ಅಮ್ಮ. ಮುಖದ ತುಂಬ ಹೆಮ್ಮೆ.

ಮಾರ್ಚ್ 8, ಉಡುಪಿ, ಆಸ್ಪತ್ರೆ

ನಿನ್ನೆಯೇ ಕರೆತಂದೆವು. ಅಪ್ಪ ನಗುತ್ತಲೇ ಬಂದರು. "ನೋವೇ ಇಲ್ಲ ಮಾರಾಯ್ತಿ, ಎಂತಕ್ಕೆ ಆಸ್ಪತ್ರೆ?"

ಡಾಕ್ಟರು ಮದ್ದಿನ ಹೆಸರು ಕೇಳಿದರು. ಹೆಸರಿಲ್ಲ. ಚೀಟಿಯಲ್ಲಿ ಅದರ ರಾಸಾಯನಿಕ ರಚನೆ ಬರೆದುಕೊಟ್ಟೆ. ತುಂಬಾ ಹೊತ್ತು ನೋಡಿದರು. "ಇದಕ್ಕೆ ಪ್ರತಿಮದ್ದು ಎಂತ ಉಂಟು?" — ನನ್ನನ್ನೇ ಕೇಳಿದರು. ಇದನ್ನು ಮಾಡಿದವಳು ನಾನೊಬ್ಬಳೇ. ನನಗೂ ಗೊತ್ತಿಲ್ಲ. ರಕ್ತದ ರಿಪೋರ್ಟ್ ನಾಳೆ. ಅಷ್ಟರಲ್ಲಿ ಕಣ್ಣು ಹಳದಿಯಾದರೆ ಕೂಡಲೇ ಕರೆಯಿರಿ ಅಂದರು.

ಹೊರಗೆ ಬೆಂಚಿನಲ್ಲಿ ಅಮ್ಮ. ನಮ್ಮಲ್ಲಿ ಮರ್ದ್ ಹಾಕುವುದು ಅಂದರೆ ಊಟದಲ್ಲಿ ವಿಷ ಹಾಕುವುದೂ ಹೌದು. "ಕಟ್ಟಿಕೊಂಡವರಿಗೆ ನಾನೇ ಮರ್ದ್ ಹಾಕಿದೆನಲ್ಲ" ಎಂದು ಅದನ್ನೇ ಹೇಳುತ್ತ ಕೂತಿದ್ದಾಳೆ. ನೀನಲ್ಲ ಅಮ್ಮ, ನಾನು... ಅನ್ನಬೇಕಿತ್ತು. ಹೆದರಿಕೆ.

ಮಾರ್ಚ್ 9, ಬೆಳಿಗ್ಗೆ

ಅಪ್ಪ ಎದ್ದರು. ಗಂಜಿ ಬೇಡ ಅಂದರು. ಟ್ಯೂಬ್‌ಲೈಟಿನಲ್ಲಿ ಕಣ್ಣಿನ ಬಣ್ಣ ತಿಳಿಯುವುದಿಲ್ಲ. ಕಿಟಕಿಯ ಪರದೆ ಸರಿಸಿದೆ. ಅವರ ಮುಖ ಬಿಸಿಲಿಗೆ ತಿರುಗಿಸಿದೆ.

"ಎಂತ ಹಾಗೆ ನೋಡುದು?" ಅಂದರು.

ಕಣ್ಣಿನ ಬಿಳಿ ಹಳದಿಯಾಗಿತ್ತು.