ಪೂರ್ವದ ಬಾಗಿಲು, ಎರಡನೇ ಕುರ್ಚಿ

ಮರ್ಫಿ, ಟೆಕ್ಸಾಸ್
ಭಾನುವಾರ, 20 ಜುಲೈ 2025

ಪ್ರೀತಿಯ ಅನುಸೂಯಾ,

ಹೇಗಿದ್ದೀಯ? ಮೈಸೂರಿನಲ್ಲಿ ಮಳೆ ಹಿಡಿದಿದೆಯಂತೆ, ಶೀತ ಮಾಡಿಕೊಳ್ಳಬೇಡ. ಮಂಡಿ ಆಪರೇಷನ್ ಆದ ಮೇಲೆ ನಿನ್ನ ಅಕ್ಕ ಕೋಲಿಲ್ಲದೆ ಗೇಟಿನವರೆಗೆ ನಡೆದರೆಂದು ಸಂಹಿತಾ ಹೇಳಿದಳು. ಸಮಾಧಾನವಾಯಿತು. ನಿನ್ನ ಮಂಡಿಯ ವಿಷಯ ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ನೀನೇ ತಿಳಿಸಬೇಕು.

ಹೂಸ್ಟನ್ನಿನ ಸಾಮಾನೆಲ್ಲ ಬಂದು ಸೇರಿತು. ಮಗಳು ಸಂಹಿತಾಳ ಮನೆ ಹತ್ತಿರ, ಮೆಟ್ಟಿಲು ಹತ್ತುವ ಕಷ್ಟವಿಲ್ಲ ಎಂದು ನೀನು ಈ ಊರಿಗೆ ಬರಲು ಒಪ್ಪಿದೆ ನಿಜ. ಆದರೆ ಅಕ್ಕನ ಆರೈಕೆಗೆ ಮೈಸೂರಿಗೆ ಹೊರಡುವ ಮುಂಚೆ, ಹೂಸ್ಟನ್ನಿನ ಹಿಲ್‌ಕ್ರಾಫ್ಟ್ ಬೀದಿಯ ಇಂಡಿಯನ್ ಅಂಗಡಿ ಸಾಲಿನಲ್ಲಿ ಕರಿಬೇವು ಆರಿಸುತ್ತಾ, "ಆ ಹೊಸ ಜಾಗದಲ್ಲಿ ನನ್ನ ಜೊತೆ ಮಾತಾಡೋರು ಯಾರಿದ್ದಾರೆ?" ಅಂದೆಯಲ್ಲ, ಅದು ನನ್ನ ಕಿವಿಯಲ್ಲೇ ಇದೆ. ಈಗ ಬರುವುದನ್ನು ಮುಂದಕ್ಕೆ ಹಾಕುವ ಮಾತೂ ಅಲ್ಲಿಂದಲೇ ಬಂದಿದೆ ಎಂದುಕೊಂಡಿದ್ದೇನೆ.

ನಿವೃತ್ತರು ಮನೆ ಬದಲಿಸಿದರೆ ಮೊದಲು ಹಾಸಿಗೆ ಹಾಸಿ, ಔಷಧಿ ಡಬ್ಬಿ ಹೊರಗಿಡಬೇಕು, ಉಳಿದದ್ದು ನಿಧಾನವಾಗಿ ಎಂದು ತಿಳಿದವರು ಹೇಳಿದರು. ಹಾಗೇ ಮಾಡಿದೆ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ ಹಾಕಿಸಿದ್ದೇನೆ. ಸಂಹಿತಾಳನ್ನು ನಿಲ್ಲಿಸಿ ಎತ್ತರ ನೋಡಿಕೊಂಡೆ, ಅವಳು ನಿನ್ನಷ್ಟೇ ಇದ್ದಾಳಲ್ಲ. ಹಾಸಿಗೆಯಿಂದ ಏಳುವಾಗ ಸ್ವಿಚ್ ಕೈಗೇ ಸಿಗುತ್ತದೆ. ಹೂಸ್ಟನ್ನಿನ ಕನ್ನಡ ಸಂಘದ ಯುಗಾದಿ ಊಟಕ್ಕೆ ನೀನು ಹುಳಿ ಮಾಡುತ್ತಿದ್ದ ದೊಡ್ಡ ಪಾತ್ರೆಗಳ ಕಟ್ಟು ಮಾತ್ರ ಬಿಚ್ಚಿಲ್ಲ. ಇಡುವುದೋ ಕೊಡುವುದೋ, ನೀನೇ ಹೇಳಬೇಕು.

ಇಷ್ಟೆಲ್ಲ ವಿಚಾರಿಸಿದವನು ಒಂದನ್ನು ಮರೆತೆ. "ರೀ, ಪೂರ್ವದ ಬಾಗಿಲಿಲ್ಲದ ಮನೆ ನನಗೆ ತೋರಿಸಲೇಬೇಡಿ" ಎಂದು ನೀನು ಅಂದಿದ್ದೆ. ಬಾಗಿಲೇನೋ ಪೂರ್ವಕ್ಕೇ ಸಿಕ್ಕಿತು. ಆಗ ಹಿತ್ತಿಲು ಪಶ್ಚಿಮಕ್ಕೆ ಬೀಳುತ್ತದೆಂದು ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಸಂಜೆ ಕಾಫಿಗೆಂದು ಹಿಂದಿನ ಪ್ಯಾಟಿಯೋ ಜಗಲಿಯಲ್ಲಿ ಎರಡು ಕುರ್ಚಿ ಹಾಕಿದ್ದೆ. ಈ ತಿಂಗಳ ಬಿಸಿಲಿಗೆ ಅವುಗಳ ಹಿಡಿ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಎದುರು ಮನೆಯಲ್ಲಿ ಮಗನ ಜೊತೆ ಇರುವ ಹುಬ್ಬಳ್ಳಿಯ ಗಂಗವ್ವ ಎಂಬವರು ನನ್ನ ಕೆಂಪು ಮುಖ ನೋಡಿ, "ಹಿಂದ ಕುಂತ್ರ ಸುಟ್ಟ ಹಪ್ಪಳ ಆಗ್ತೀರಿ, ಮುಂದ ಬರ್ರಿ" ಅಂದರು. ಸಂಜೆ ಮನೆಯ ನೆರಳೆಲ್ಲ ಮುಂದಕ್ಕೇ ಬೀಳುತ್ತದೆ. ಎರಡೂ ಕುರ್ಚಿಗಳನ್ನು ಗರಾಜಿನ ಮುಂದೆ ತಂದು ಹಾಕಿದೆ.

ಇಲ್ಲಿ ಯಾರೂ ಮನೆಮುಂದೆ ಕೂರುವುದಿಲ್ಲ. ಮೊಮ್ಮಗಳು ಇಶಾ, "ತಾತಾ, ಪೀಪಲ್ ವಿಲ್ ಥಿಂಕ್ ಇಟ್ಸ್ ಎ ಗರಾಜ್ ಸೇಲ್" ಎಂದು ನಕ್ಕಳು, ಮನೆಯ ಹಳೇ ಸಾಮಾನು ಮಾರಲು ಕೂತಿದ್ದೇನೆ ಎಂದುಕೊಳ್ಳುತ್ತಾರಂತೆ. ಅವಳ ಮಾತಿನಂತೆ ಒಬ್ಬರು ಕಾರು ನಿಲ್ಲಿಸಿ, ಖಾಲಿ ಕುರ್ಚಿಯ ಬೆಲೆ ಕೇಳಿಯೇ ಬಿಟ್ಟರು. ಮಾರುವುದಿಲ್ಲ, ಅದು ಊರಿಗೆ ಹೋಗಿರುವ ನನ್ನ ಹೆಂಡತಿಯದು ಅಂದೆ. ಆಮೇಲೆ ಅವರೂ ದಿನಾ ಕೈ ಬೀಸಿ ಹೋಗುತ್ತಾರೆ. ನಾಯಿ ಅಡ್ಡಾಡಿಸುವವರು ನಿಲ್ಲುತ್ತಾರೆ, ಮಾತಾಡುತ್ತಾರೆ. ಹೂಸ್ಟನ್ನಿನಲ್ಲಿ ನಮ್ಮ ಪಕ್ಕದ ಮನೆಯವರ ಹೆಸರೂ ನನಗೆ ಸರಿಯಾಗಿ ಗೊತ್ತಿರಲಿಲ್ಲ, ನೋಡು. ಗಂಗವ್ವ ದಿನಾ ಬರುತ್ತಾರೆ, ಆದರೆ ಎಷ್ಟು ಹೇಳಿದರೂ ಆ ಕುರ್ಚಿಯಲ್ಲಿ ಕೂರುವುದಿಲ್ಲ, ತಮ್ಮ ಸ್ಟೂಲನ್ನೇ ಹಿಡಿದು ಬರುತ್ತಾರೆ. ನಿನ್ನೆ ಅಂದರು: "ಗಂಡಸರ ಕೂಡ ನಾ ಎಷ್ಟಂತ ಮಾತಾಡ್ಲಿ? ನಿಮ್ಮ ಮನಿಯವ್ರನ್ನ ಜಲ್ದಿ ಕರಸ್ರಿ."

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಸಂಹಿತಾ, ಇಶಾ ನಿನ್ನನ್ನು ಕೇಳುತ್ತಲೇ ಇರುತ್ತಾರೆ. ಮಾತ್ರೆ ತಪ್ಪಿಸಬೇಡ.

ನಿನ್ನ
ಮೋಹನರಾಜ

ತಾ.ಕ.: ಹೊಸ ಒಲೆ ಇನ್ನೂ ಹಚ್ಚಿಲ್ಲ. ಅನ್ನ ಕುಕ್ಕರಿನದು, ಸಾರು ಸಂಹಿತಾ ಮನೆಯದು, ಕಾಫಿ ಮೈಕ್ರೋವೇವಿನದು. ಆ ಒಲೆಯ ಮೇಲೆ ಮೊದಲು ಹಾಲು ಉಕ್ಕಬೇಕು, ಉಕ್ಕಿಸುವವಳು ನೀನು. ಟಿಕೆಟನ್ನು ಒಂದು ತಿಂಗಳು ಮುಂದಕ್ಕೆ ಹಾಕಲೇ ಎಂದು ನೀನು ಫೋನಿನಲ್ಲಿ ಕೇಳಿದಾಗ ಆಗಲಿ ಎಂದುಬಿಟ್ಟೆ. ಹಾಕಬೇಡ.