ಹೊಗೆಯಿಲ್ಲದೆ ಹುಟ್ಟಿದ ಮೆಥನಾಲ್

ಸಂಶೋಧನಾ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ಚಿಮಣಿಯ ಹೊಗೆಯಿಂದ ಹಿಡಿದಿಟ್ಟ ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಎಂಬ ಇಂಧನವಾಗಿಸುವ ನಮ್ಮ ವೇಗವರ್ಧಕವನ್ನು ಬರುವ ಸೋಮವಾರ ಲೋಕಾರ್ಪಣೆ ಮಾಡುತ್ತೀರಂತೆ. ಸಂತೋಷ. ಆದರೆ ಅದನ್ನು ರೂಪಿಸಿದ ಸಂಶೋಧಕಿಯನ್ನು ಉಗ್ರಾಣದಲ್ಲಿ ಬೀಕರು ಎಣಿಸಲು ಕಳಿಸಿದ್ದೀರಿ. ಅವಳ ಅಪರಾಧ, ನಿಜ ಹೇಳಿದ್ದು. ಮಾಡಿದವಳು ನಾನು, ಉಣ್ಣುತ್ತಿರುವವಳು ಅವಳು. ಅದಕ್ಕೇ ಈ ಪತ್ರ.

ಆ ಪ್ರಯೋಗಾಲಯದಲ್ಲಿ ನಾನು ಹನ್ನೊಂದು ವರ್ಷದಿಂದ ಗಾಜು ತೊಳೆಯುತ್ತಿದ್ದೇನೆ. ನೀರಲ್ಲಿ ತೊಳೆದ ಗಾಜು ಒಣಗಲು ಹೊತ್ತು ಬೇಕು; ಕೊನೆಗೊಮ್ಮೆ ಮೆಥನಾಲ್ ಹಾಕಿ ಕುಲುಕಿದರೆ ಬೇಗ ಒಣಗುತ್ತದೆ. ಅತಿಥಿಗಳು ಬಂದೇಬಿಟ್ಟರೆಂದು ನಿಮ್ಮ ಕಚೇರಿಯವರು ತಲೆಯ ಮೇಲೆ ಕುಣಿದ ದಿನ, ಪ್ರಯೋಗ ನಡೆಯುವ ಗಾಜಿನ ಕೋಶವನ್ನೂ ಅವಳ ವೇಗವರ್ಧಕವಾದ ತಾಮ್ರದ ಪುಡಿ ಬಳಿದ ಫಲಕವನ್ನೂ ಹಾಗೆಯೇ ಕುಲುಕಿ, ಪೂರ್ತಿ ಒಣಗುವ ಮೊದಲೇ ಕೊಟ್ಟೆ. ಮೆಥನಾಲ್ ಎಷ್ಟು ಹುಟ್ಟಿತೆಂದು ಅಳೆಯುವ ಯಂತ್ರ ನಲವತ್ತು ಎಂದಿತು. ನೀವು ಚಪ್ಪಾಳೆ ತಟ್ಟಿದಿರಿ. ನನ್ನ ಕೈಗುಣ, ಏನು ಹೇಳಲಿ!

ಅನುಮಾನ ಬಂದದ್ದು ಅವಳೊಬ್ಬಳಿಗೇ. ಮರುದಿನ, ನಾನು ಅದೇ ರೀತಿ ತೊಳೆದು ಕೊಟ್ಟ ಕೋಶಕ್ಕೆ ಡೈಆಕ್ಸೈಡಿನ ಬದಲು ಬರೀ ಆರ್ಗಾನ್ ಅನಿಲ ಬಿಟ್ಟಳು. ಅದರಲ್ಲಿ ಮೆಥನಾಲ್ ಹುಟ್ಟಲು ಬೇಕಾದ ಇಂಗಾಲದ ಸುಳಿವೂ ಇಲ್ಲ. ಆದರೂ ಮೂವತ್ತೇಳು ಬಂತು!

"ಅಕ್ಕಾ, ಇದನ್ನ ಯಾವುದರಲ್ಲಿ ತೊಳೆದ್ರಿ?" ಎಂದಳು.

ಹೇಳಿದೆ. ಬೈಯುತ್ತಾಳೆಂದುಕೊಂಡರೆ ಸ್ಟೂಲಿನ ಮೇಲೆ ಕುಸಿದು ಕೂತು ನಕ್ಕುಬಿಟ್ಟಳು. ಅಳು ಬಂದದ್ದು ನನಗೆ. ನೀರಲ್ಲಷ್ಟೇ ತೊಳೆದು, ಓವನ್‌ನಲ್ಲಿ ಒಣಗಿಸಿ ಮತ್ತೆ ನೋಡಿದೆವು. ಆರ್ಗಾನ್ ಹಾಯಿಸಿದರೆ ಸೊನ್ನೆ, ಡೈಆಕ್ಸೈಡ್ ಹಾಯಿಸಿದರೆ ಮೂರು.

"ಮೂರೇ ಇರ್ಲಿ ಅಕ್ಕಾ, ಹೊಗೆಯಿಂದ ಬಂದಿದ್ದು," ಎಂದಳು. ಆ ಮೂರಕ್ಕಾಗಿ ತಾಮ್ರಕ್ಕೆ ಸತು ಬೆರೆಸುತ್ತ ನಾಲ್ಕು ವರ್ಷ ಸವೆಸಿದವಳು.

ನಿಮ್ಮ ಬಳಿ ಬಂದು ಹೇಳಿದಾಗ, ಆಹ್ವಾನ ಪತ್ರಿಕೆಯಲ್ಲಿ ನಲವತ್ತೆಂದು ಅಚ್ಚಾಗಿದೆ ಎಂದಿರಂತೆ. ಸ್ವಾಮೀ, ಹೊಗೆಯೇ ಬೇಡದೆ ಮೆಥನಾಲ್ ಕೊಡುವ ಪವಾಡ ಕೈಯಲ್ಲಿರುವಾಗ ಹೊಗೆ ಹಿಡಿಯುವ ಪಡಿಪಾಟಲೇಕೆ? ಚಿಮಣಿ ಬೇಡ, ವಿಜ್ಞಾನಿಗಳು ಬೇಡ. ನನಗೊಂದು ಕ್ಯಾನು ಮೆಥನಾಲ್ ಕೊಡಿ, ಒಂದು ಕ್ಯಾನು ಮೆಥನಾಲ್ ತಯಾರಿಸಿಕೊಡುತ್ತೇನೆ. ಸ್ವಲ್ಪ ಆವಿಯಾಗಿ ಹೋದೀತು, ಹೊಂದಿಸಿಕೊಳ್ಳಿ.

ನನ್ನ ಬೇಡಿಕೆ ಇಷ್ಟೇ. ಸೋಮವಾರದೊಳಗೆ ಅವಳನ್ನು ಅವಳ ಮೇಜಿಗೆ ವಾಪಸು ಕರೆಸಿ, ಪತ್ರಿಕೆಯಲ್ಲಿ ಮೂರು ಎಂದು ಅಚ್ಚು ಹಾಕಿಸಿ. ಅದಾಗದಿದ್ದರೆ ಒಂದು ಮಾತು ನೆನಪಿರಲಿ: ಸೋಮವಾರದ ಕೋಶ ತೊಳೆಯುವವಳೂ ನಾನೇ. ಈ ಸಲ ಅವಸರ ಮಾಡುವುದಿಲ್ಲ. ನೀರಲ್ಲಿ ತೊಳೆದು, ಚೆನ್ನಾಗಿ ಒಣಗಿಸಿಯೇ ಕೊಡುತ್ತೇನೆ.

ಇಂತಿ,
ನಿಮ್ಮ ನಲವತ್ತರಲ್ಲಿ ಮೂವತ್ತೇಳರ ಒಡತಿ,
ಗಾಜು ತೊಳೆಯುವವಳು